ಮೂಕಿ ಭಾರ

ತೂಕದ ಕಲ್ಲು ಎಂಬುದು ಹೆಸರಿಗೆ ಮಾತ್ರ. ಅವು ಕಲ್ಲಲ್ಲ, ಎರಕದ ಕಬ್ಬಿಣ. ಒಂದೊಂದೂ ಇಪ್ಪತ್ತು ಕಿಲೋ. ನೆತ್ತಿಯ ಮೇಲೆ ಹಿಡಿಕೆ, ಪಕ್ಕದಲ್ಲಿ ಸೀಸದ ಮುದ್ರೆ, ಮುದ್ರೆಯ ಕೆಳಗೆ ಒಂದು ಸಂಖ್ಯೆ. ಅಂಥ ಮೂವತ್ತು ಕಲ್ಲುಗಳನ್ನು ಟ್ರೇಲರಿನಲ್ಲಿ ಜೋಡಿಸಿ, ಟ್ರೇಲರನ್ನು ಕಾರಿನ ಹಿಂದೆ ಕೊಂಡಿ ಹಾಕಿ, ಊರಿಂದೂರಿಗೆ ಎಳೆದುಕೊಂಡು ಹೋಗುವುದು. ಗೋದಾಮು, ಹಿಟ್ಟಿನ ಗಿರಣಿ, ಗುಜರಿ ಅಂಗಡಿ, ಎಲ್ಲಿ ದೊಡ್ಡ ತಕ್ಕಡಿ ಇದೆಯೋ ಅಲ್ಲಿ ಅವನ್ನು ಒಂದೊಂದಾಗಿ ಏರಿಸಿ, ತಕ್ಕಡಿ ನಿಜ ಹೇಳುತ್ತದೆಯೋ ಸುಳ್ಳು ಹೇಳುತ್ತದೆಯೋ ಎಂದು ಬರೆದುಕೊಳ್ಳುವುದು. ಮತ್ತೆ ಇಳಿಸಿ, ಮತ್ತೆ ಜೋಡಿಸಿ, ಮುಂದಿನ ಊರಿಗೆ ಹೊರಡುವುದು. ದಿನಕ್ಕೆ ನಾಲ್ಕು ಕಡೆ. ಆ ಗಂಡಹೆಂಡಿರು ಹದಿನೆಂಟು ವರ್ಷ ಮಾಡಿದ್ದು ಇದನ್ನೇ.

ಹೋದಲ್ಲೆಲ್ಲ ಅವರಿಗೆ ಕಲ್ಲಿನವರು ಎಂದೇ ಹೆಸರು. ಗಂಡ ಕಲ್ಲಣ್ಣ, ಹೆಂಡತಿ ಕಲ್ಲಕ್ಕ. ಅಣ್ಣ, ಅಕ್ಕ ಎಂದು ಕರೆಸಿಕೊಂಡು ಸಂಸಾರ ಮಾಡಿದವರು ಲೋಕದಲ್ಲಿ ನೀವಿಬ್ಬರೇ ಇರಬೇಕು ಎಂದು ನಾದಿನಿ ಆಗಾಗ ಚುಚ್ಚುತ್ತಿದ್ದಳು. ನಾದಿನಿ ಎಂದರೆ ಕಲ್ಲಣ್ಣನ ತಂಗಿ. ಅವರ ಮನೆಯಲ್ಲೇ ಇದ್ದು ಹೊಲಿಗೆ ಮಾಡುತ್ತಿದ್ದವಳು. ಹೊಲಿಗೆ ಯಂತ್ರವನ್ನು ಮುಂದಿನ ಕೋಣೆಯ ಕಿಟಕಿಗೆ ಒತ್ತಿಟ್ಟುಕೊಂಡು, ಸೂಜಿಯ ಮೇಲೆ ಒಂದು ಕಣ್ಣು, ಬೀದಿಯ ಮೇಲೆ ಒಂದು ಕಣ್ಣು, ಮನೆಯವರ ಮೇಲೆ ಇಲ್ಲದ ಮೂರನೆಯ ಕಣ್ಣು ಇಟ್ಟಿರುತ್ತಿದ್ದಳು. ಅವಳ ಬಾಯಿಗೆ ಹೆದರದವರು ಆ ಬೀದಿಯಲ್ಲಿ ಇರಲಿಲ್ಲ.

ಕೆಲಸ ಹಂಚಿಹೋದದ್ದು ಮೊದಲ ದಿನವೇ. ಅವನು ಎತ್ತುವವನು, ಅವಳು ಬರೆಯುವವಳು. ಅವರನ್ನು ಕೆಲಸಕ್ಕಿಟ್ಟ ಕಂಪನಿಯ ಕಾಗದದಲ್ಲೂ ಹೆಸರುಗಳು ಹಾಗೆಯೇ ಇದ್ದವು. ಕಾರು ಓಡಿಸುವುದು, ಕೊಂಡಿ ಹಾಕುವುದು, ಕಲ್ಲು ಜೋಡಿಸುವುದು ಅವನ ಪಾಲು. ವರದಿಯ ಪುಸ್ತಕ, ತಕ್ಕಡಿಯ ಮುಳ್ಳು, ಅಂಗಡಿಯವರ ತಕರಾರು ಅವಳ ಪಾಲು. ಅವಳ ಅಕ್ಷರ ಅಚ್ಚು ಹಾಕಿದಂತಿತ್ತು. ಅವನ ಅಕ್ಷರ ಅವನಿಗೇ ತಿಳಿಯುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಕಲ್ಲಣ್ಣನ ಸೊಂಟ ಅವನ ಮಾತು ಕೇಳುವುದನ್ನು ಬಿಟ್ಟಿತು. ಮೊದಲು ಬೆಳಿಗ್ಗೆ ಎದ್ದಾಗಿನ ನೋವು. ಆಮೇಲೆ ಇಡೀ ದಿನದ ನೋವು. ಕೊನೆಗೆ ಬಲಗಾಲಿನ ಹೆಬ್ಬೆರಳವರೆಗೆ ಇಳಿದ ಜೋಮು. ಒಂದು ದಿನ ನಾಲ್ಕು ರಸ್ತೆ ಕೂಡುವಲ್ಲಿ ಬ್ರೇಕಿನ ಮೇಲೆ ಕಾಲಿದೆಯೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಕಾರು ನಿಂತದ್ದು ಗೆರೆ ದಾಟಿ, ಒಬ್ಬ ಸೈಕಲ್ಲಿನವನ ಬೈಗುಳ ಕೇಳುವಷ್ಟು ಹತ್ತಿರದಲ್ಲಿ. ಕಲ್ಲಕ್ಕ ತನ್ನ ಕಡೆಯ ಬಾಗಿಲು ತೆರೆದು, ಸುತ್ತಿ ಬಂದು, ಇಳಿಯಿರಿ ಎಂದಳು. ಅಂದಿನಿಂದ ಓಡಿಸುವುದು ಅವಳ ಪಾಲಿಗೆ ಬಂತು. ಇದು ನಾಲ್ಕು ತಿಂಗಳ ಹಿಂದಿನ ಮಾತು.

ಯಾರು ಓಡಿಸಿದರೂ ಕಂಪನಿ ಕೇಳುವುದಿಲ್ಲ. ಎತ್ತುವ ವಿಷಯ ಹಾಗಲ್ಲ. ಎತ್ತಲಾರದವನನ್ನು ಅಂದೇ ಮನೆಗೆ ಕಳಿಸುವುದು ನಿಯಮ, ಅವಧಿ ಮುಗಿಸದೆ ಹೋದವನಿಗೆ ಪೂರ್ತಿ ಪಿಂಚಣಿಯಿಲ್ಲ. ಎತ್ತುವವನು ಹೋದರೆ ಬರೆಯುವವಳಿಗೂ ಕೆಲಸವಿಲ್ಲ; ಅವರ ಹಾದಿ ಇನ್ನೊಂದು ಜೋಡಿಗೆ ಹೋಗುತ್ತದೆ. ಕಲ್ಲಣ್ಣನ ಅವಧಿ ಮುಗಿಯಲು ಏಳು ತಿಂಗಳು ಉಳಿದಿತ್ತು. ಮುಚ್ಚಿಡೋಣ ಎಂದು ಅವರು ಕೂತು ಮಾತಾಡಿ ತೀರ್ಮಾನಿಸಿದ್ದಲ್ಲ. ಒಂದು ದಿನ ಹೇಳಲಿಲ್ಲ, ಮರುದಿನ ಹೇಳಲಿಲ್ಲ, ಹೇಳದ ದಿನಗಳು ಕೂಡಿ ಎರಡು ವರ್ಷವಾಯಿತು. ಜನರ ಎದುರು ಅವನು ಎತ್ತುತ್ತಿದ್ದ, ಮುಖ ಕಲ್ಲು ಮಾಡಿಕೊಂಡು. ಯಾರೂ ಇಲ್ಲದ ಕಡೆ ಅವಳು ಎತ್ತುತ್ತಿದ್ದಳು. ಸಂಜೆ ಇಬ್ಬರೂ ಮಾತಿಲ್ಲದೆ ಮನೆ ಸೇರುತ್ತಿದ್ದರು. ದಣಿವೂ ಒಂದು ಕಾರಣವಾಗಿತ್ತು.

ಬರೀ ಕಾರು ಓಡಿಸಲು ಅವಳಿಗೆ ಮೊದಲೇ ಬರುತ್ತಿತ್ತು. ಟ್ರೇಲರ್ ಕಟ್ಟಿಕೊಂಡು ಸರಿಯಾಗಿ ಓಡಿಸುವುದನ್ನು ಕಲಿತದ್ದು ಮುಚ್ಚಿಹೋದ ಒಂದು ಕಾರ್ಖಾನೆಯ ಅಂಗಳದಲ್ಲಿ, ನಾಲ್ಕು ಭಾನುವಾರ. ಕಲಿಸಿದವನು ಅವನೇ. ಒಳ್ಳೆಯ ಮೇಷ್ಟ್ರಲ್ಲ. ಹರೆಯದಲ್ಲಿ ಮೂರು ವರ್ಷ ಬಸ್ಸಿನ ಕಂಡಕ್ಟರಾಗಿದ್ದವನು; ಅವನ ಬಾಯಲ್ಲಿ ರೈಟ್ ಎಂದರೆ ಹೊರಡು ಎಂದರ್ಥ. ಮೊದಲ ಭಾನುವಾರ ಹಿಂದೆ ನಿಂತು, ಬರಲಿ ಬರಲಿ ಎನ್ನುವ ಅರ್ಥದಲ್ಲಿ, ರೈಟ್ ರೈಟ್ ಎಂದು ಕೂಗಿದ. ಅವಳು ಚಕ್ರವನ್ನು ಬಲಕ್ಕೆ ತಿರುಗಿಸಿದಳು. ಹಿಂದಕ್ಕೆ ಹೋಗುವಾಗ ಕಾರು ಬಲಕ್ಕೆಂದರೆ ಟ್ರೇಲರ್ ಎಡಕ್ಕೆ. ಅದು ಎಡಕ್ಕೆ ಹೋಗಿ ಕಾವಲುಗಾರನ ಖಾಲಿ ಕೋಣೆಯ ಮೂಲೆಯನ್ನು ತಿಂದಿತು. ಇಬ್ಬರೂ ಇಟ್ಟಿಗೆ ಚೂರುಗಳನ್ನು ನೋಡುತ್ತ ನಿಂತರು. ಆಮೇಲೆ ಅವಳು, ನೀವು ಇನ್ನು ಮೇಲೆ ಬಾಯಿ ಬಿಡಬೇಡಿ, ಕೈ ಮಾತ್ರ ಆಡಿಸಿ ಎಂದಳು.

ಆದರೂ ಕಲಿತಳು. ಸ್ಟೀರಿಂಗ್ ಚಕ್ರದ ಕೆಳತುದಿಯನ್ನು ಹಿಡಿದು, ಟ್ರೇಲರ್ ಯಾವ ಕಡೆ ಹೋಗಬೇಕೋ ಆ ಕಡೆಗೇ ಕೈ ಸರಿಸುವುದನ್ನು ಕಲಿತಳು. ತಿರುವಿನಲ್ಲಿ ಅಗಲವಾಗಿ ಸುತ್ತುವುದು, ಮುಂದಿನ ಗಾಡಿಗೆ ಎರಡರಷ್ಟು ಜಾಗ ಬಿಡುವುದು, ಕೊಂಡಿಯ ಕೆಳಗೆ ಸರಪಳಿಗಳನ್ನು ಅಡ್ಡಡ್ಡ ಹಾಕುವುದು, ಹೊರಡುವ ಮುಂಚೆ ಟೈರುಗಳನ್ನೂ ಹಿಂದಿನ ದೀಪಗಳನ್ನೂ ನೋಡುವುದು, ಅರವತ್ತು ದಾಟದಿರುವುದು ಎಲ್ಲ ರೂಢಿಯಾಯಿತು. ಟ್ರೇಲರಿಗೆ ಅವನಿಟ್ಟ ಹೆಸರು ಬಾಲ. ಬಾಲದ ವಿಷಯದಲ್ಲಿ ಅವನು ಮತ್ತೆ ಮತ್ತೆ ಹೇಳಿದ ಪಾಠ ಒಂದೇ.

"ಬಾಲ ಆಡಕ್ಕೆ ಶುರುವಾದ್ರೆ ಏನೂ ಮಾಡಬೇಡ. ಬ್ರೇಕ್ ಒತ್ತಬೇಡ, ಸ್ಟೀರಿಂಗ್ ತಿರುಗಿಸಬೇಡ. ಕಾಲು ತೆಗಿ, ಕೈ ಗಟ್ಟಿ ಹಿಡಿ, ಸುಮ್ಮನಿರು."

"ಸುಮ್ಮನಿರೋದು ನಂಗೆ ಹುಟ್ಟಿನಿಂದ ಬಂದಿಲ್ಲ ಅಂತ ನೀವೇ ಅಂತೀರಲ್ಲ."

"ಅದಕ್ಕೇ ನಾಲ್ಕು ಸಲ ಹೇಳ್ತಿರೋದು."

ಇನ್ನೊಂದು ಮಾತನ್ನು ಮಾತ್ರ ಅವನು ಒಂದೇ ಸಲ ಹೇಳಿದ್ದ. ಟ್ರೇಲರಿನ ಮುಂದೆ ಚಾಚಿಕೊಂಡಿರುವ ಕಬ್ಬಿಣದ ತೋಳು, ಕಾರಿಗೆ ಕೊಂಡಿ ಬೀಳುವ ಭಾಗ, ಅದನ್ನು ಅವನು ಮೂಕಿ ಎನ್ನುತ್ತಿದ್ದ. ಅವನ ಅಜ್ಜ ಎತ್ತಿನ ಗಾಡಿ ಹೊಡೆದವನು. ಗಾಡಿಯಲ್ಲಿ ನೊಗ ಕಟ್ಟುವ ಮುಂದಿನ ಮರ ಮೂಕಿ. ಹೇರುವಾಗ ಮೂಕಿಯ ಮೇಲೆ ಒಂದಿಷ್ಟು ಭಾರ ಬೀಳಬೇಕಂತೆ. ಹಿಂಭಾರವಾದರೆ ಮೂಕಿ ಮೇಲೇಳುತ್ತದಂತೆ, ಎತ್ತಿನ ಕೊರಳಿಗೆ ಹಗ್ಗ ಬಿಗಿಯುತ್ತದಂತೆ. ಕಲ್ಲಕ್ಕ ಅದನ್ನು ಅಜ್ಜನ ಕಾಲದ ಕಥೆಯೆಂದು ಕೇಳಿ ಬಿಟ್ಟಳು. ಕಾರಿಗೆ ಕೊರಳಿಲ್ಲ. ಹೇರುವುದು ಅವಳ ಪಾಲಿನ ಕೆಲಸವೂ ಆಗಿರಲಿಲ್ಲ.

ಟ್ರೇಲರಿನೊಳಗೆ ಮರದ ಗೂಡುಗಳ ಮೂರು ಸಾಲು. ಮುಂದೊಂದು, ಚಕ್ರದ ಮೇಲೊಂದು, ಹಿಂದೊಂದು. ಸಾಲಿಗೆ ಹನ್ನೆರಡು ಗೂಡು. ಕಲ್ಲಣ್ಣ ಮೊದಲಿನಿಂದಲೂ ಮುಂದಿನ ಎರಡು ಸಾಲು ತುಂಬಿ, ಉಳಿದ ಆರು ಕಲ್ಲುಗಳನ್ನು ಮಾತ್ರ ಹಿಂದೆ ಇಡುತ್ತಿದ್ದ. ಮುಂದಿನ ಸಾಲಿಗೆ ಕೈ ಹಾಕಲು ಪಕ್ಕದಿಂದ ಬಗ್ಗಬೇಕು. ಒಂದು ಶನಿವಾರ ಗೋದಾಮೊಂದರಲ್ಲಿ ಹಾಗೆ ಬಗ್ಗಿದವನು ಬಗ್ಗಿದ ಹಾಗೆಯೇ ಉಳಿದ. ಗುಮಾಸ್ತ ನೋಡುತ್ತಿದ್ದ. ಕಲ್ಲಣ್ಣ ತಲೆಕೆಳಗಾಗಿಯೇ, ಇಲ್ಲೊಂದು ಮೊಳೆ ಬಿದ್ದಿತ್ತು ಸಾರ್, ಟೈರಿಗೆ ಚುಚ್ಚೀತು ಎಂದು ಹುಡುಕುವವನಂತೆ ಕೈಯಾಡಿಸಿದ. ಗುಮಾಸ್ತ ತಾನೂ ಬಗ್ಗಿ ಮೊಳೆ ಹುಡುಕತೊಡಗಿದ. ಇಬ್ಬರು ಗಂಡಸರು ಇಲ್ಲದ ಮೊಳೆಯನ್ನು ಹುಡುಕುವುದನ್ನು ಕಲ್ಲಕ್ಕ ಪುಸ್ತಕ ಎದೆಗೊತ್ತಿಕೊಂಡು ನೋಡಿದಳು. ನಗು ಬರಲಿಲ್ಲ.

ಭಾನುವಾರ ಪೂರ್ತಿ ಅವಳ ತಲೆ ಅದರಲ್ಲೇ ಓಡಿತು. ಸೋಮವಾರ ಬೆಳಿಗ್ಗೆ ಅವನಿಗಿಂತ ಮುಂಚೆ, ಟ್ರೇಲರ್ ನಿಲ್ಲಿಸುವ ಕಂಪನಿಯ ಶೆಡ್ಡಿಗೆ ಹೋಗಿ ಕಲ್ಲುಗಳ ಜಾಗ ಬದಲಿಸಿದಳು. ಹಿಂದಿನ ಸಾಲು ಪೂರ್ತಿ, ನಡುವಿನದು ಪೂರ್ತಿ, ಮುಂದೆ ಆರೇ ಆರು. ಹೆಚ್ಚಿನ ತಕ್ಕಡಿಗಳಿಗೆ ಇಪ್ಪತ್ತನಾಲ್ಕು ಕಲ್ಲು ಸಾಕು. ಹಿಂಬಾಗಿಲು ಇಳಿಸಿದರೆ ಎಲ್ಲವೂ ನಿಂತಲ್ಲಿಂದ ಕೈಗೆ ಸಿಗುತ್ತವೆ, ಬಗ್ಗಬೇಕಾದ್ದಿಲ್ಲ. ಕಲ್ಲಣ್ಣ ನೋಡಿದ. ಒಂದು ಗಳಿಗೆ ಏನೋ ಹೇಳುವವನಂತೆ ನಿಂತ. ಆಮೇಲೆ, ಒಳ್ಳೇದಾಯ್ತು ಬಿಡು ಎಂದ. ಹೊಗಳಿಕೆ ಅವರ ಮನೆಯಲ್ಲಿ ಅಪರೂಪದ ಸರಕಾದ್ದರಿಂದ ಅವಳು ಅದನ್ನು ದಿನವಿಡೀ ಇಟ್ಟುಕೊಂಡಳು.

ಸಂಜೆ ಶೆಡ್ಡಿಗೆ ಮರಳಿದಾಗ ಅವಳು ಬೀಗದ ಕೈ, ವರದಿ ಒಪ್ಪಿಸಲು ಕಚೇರಿಗೆ ಹೋದಳು. ಕೊಂಡಿ ಬಿಚ್ಚಲು ಅವನು ಉಳಿದ. ತಿರುಗಿ ಬಂದಾಗ ಅವನ ಗದ್ದದ ಮೇಲೆ ಕರವಸ್ತ್ರವಿತ್ತು. ಬೆಳಿಗ್ಗೆ ಶೇವಿಂಗ್ ಮಾಡ್ಕೊಳ್ಳುವಾಗ ಆದ ಗಾಯ, ಈಗ ಬಿಚ್ಚಿಕೊಂಡಿದೆ ಎಂದ. ಮನೆಯಲ್ಲಿ ನಾದಿನಿ ಯಂತ್ರದಿಂದ ತಲೆಯೆತ್ತಿ, ಬ್ಲೇಡಲ್ಲಿ ಮಾಡ್ಕೊಂಡ್ಯೋ ಗುದ್ದಲೀಲಿ ಮಾಡ್ಕೊಂಡ್ಯೋ ಎಂದು ಕೇಳಿದಳು. ಅವನು ಒಳಗೆ ಹೋದ. ಮರುದಿನದಿಂದ ಶೆಡ್ಡಿನಲ್ಲಿ ಟ್ರೇಲರಿನ ಹಿಂಭಾಗದ ಕೆಳಗೆ ಒಂದು ಮರದ ದಿಮ್ಮಿ ಬಂತು. ಕಲ್ಲಕ್ಕ ಅದನ್ನು ನೋಡಿದಳು; ಹುಷಾರಿನ ಮನುಷ್ಯ, ಭದ್ರಕ್ಕೆ ಇಟ್ಟಿರಬೇಕು ಎಂದುಕೊಂಡಳು.

ಗುರುವಾರ ಮೂರನೆಯ ಜಾಗ ಗುಜರಿಯವನದು. ಅವನ ತಕ್ಕಡಿ ಎರಡು ಕಿಲೋ ಕಡಿಮೆ ತೋರಿಸುತ್ತಿತ್ತು. ಹಳೆ ಕಬ್ಬಿಣ ಕೊಳ್ಳುವವನಿಗೆ ಅದರಿಂದ ನಷ್ಟವೇನೂ ಇರಲಿಲ್ಲ. ತಕ್ಕಡಿ ಸರಿಯಾಗಿದೆ, ನಿಮ್ಮ ಕಲ್ಲೇ ಸರಿಯಿಲ್ಲ ಎಂದು ಅವನು ಹಟ ಹಿಡಿದ. ಕಲ್ಲಕ್ಕ ಮುದ್ರೆ ತೋರಿಸಿದಳು, ಕಾಗದ ತೋರಿಸಿದಳು. ಇನ್ನೊಂದು ಸಲ ಏರಿಸಿ, ನಾನು ಕಣ್ಣಾರೆ ನೋಡಬೇಕು ಎಂದ. ಹಾಗೆ ಕೇಳುವ ಹಕ್ಕು ಅವನಿಗಿತ್ತು. ಕಲ್ಲಣ್ಣ ಇಪ್ಪತ್ತನಾಲ್ಕು ಕಲ್ಲುಗಳನ್ನು ಎರಡನೆಯ ಸಲ ಏರಿಸಿ ಇಳಿಸಿದ. ಕೊನೆಯ ನಾಲ್ಕಕ್ಕೆ ಬರುವ ಹೊತ್ತಿಗೆ ಅವನ ತುಟಿ ಬೆಳ್ಳಗಾಗಿತ್ತು. ತಕ್ಕಡಿ ಎರಡನೆಯ ಸಲವೂ ಎರಡು ಕಿಲೋ ಸುಳ್ಳು ಹೇಳಿತು.

ನಾಲ್ಕನೆಯದು ಗುಡ್ಡದಾಚೆಯ ಹಿಟ್ಟಿನ ಗಿರಣಿ, ನಾಲ್ಕು ಗಂಟೆಗೆ ಬಾಗಿಲು ಮುಚ್ಚುತ್ತಿತ್ತು. ಗುಡ್ಡದ ನೆತ್ತಿ ದಾಟಿದಾಗ ಮೂರೂವರೆ ಆಗಿತ್ತು. ಪಕ್ಕದಲ್ಲಿ ಕಲ್ಲಣ್ಣ ಸೊಂಟದ ಹಿಂದೆ ಮುಷ್ಟಿ ಒತ್ತಿಕೊಂಡು, ಕಣ್ಣು ಮುಚ್ಚಿ ಕೂತಿದ್ದ. ಇಳಿಜಾರು ಉದ್ದಕ್ಕೂ ನೇರ; ಕಾರು ತಾನಾಗಿ ವೇಗ ಹಿಡಿಯಿತು. ಮುಳ್ಳು ಅರವತ್ತು ದಾಟಿದ್ದನ್ನು ಅವಳು ನೋಡಿದಳು. ಎಪ್ಪತ್ತು ದಾಟಿದ್ದನ್ನೂ ನೋಡಿದಳು. ಗಿರಣಿ ಮುಚ್ಚಿದರೆ ನಾಳೆ ಐದು ಕಡೆ ಎತ್ತಬೇಕಾಗುತ್ತದೆ ಎಂಬುದೊಂದೇ ಅವಳ ತಲೆಯಲ್ಲಿತ್ತು. ದಣಿದವರು ಅಪಾಯವನ್ನು ಕಾಣುತ್ತಾರೆ, ಕಂಡರೂ ಅದು ಒಳಗೆ ಇಳಿಯುವುದಿಲ್ಲ.

ಹಿಂದಿನಿಂದ ಒಂದು ಉದ್ದ ಲಾರಿ ಬಂದು ಪಕ್ಕದಲ್ಲಿ ಹಾದುಹೋಯಿತು. ಅದರ ಗಾಳಿ ಮೊದಲು ನೂಕಿತು, ಆಮೇಲೆ ಎಳೆಯಿತು. ಅಷ್ಟೇ ಸಾಕಾಯಿತು.

ಎಡಗನ್ನಡಿಯಲ್ಲಿ ಟ್ರೇಲರ್ ಇಣುಕಿತು. ಆಮೇಲೆ ಬಲಗನ್ನಡಿಯಲ್ಲಿ. ಮತ್ತೆ ಎಡಕ್ಕೆ ಬಂದಾಗ ಅದು ಇಣುಕುತ್ತಿರಲಿಲ್ಲ, ಬೀಸುತ್ತಿತ್ತು. ಕಾರಿನ ಹಿಂಭಾಗವನ್ನು ಹಿಡಿದು, ಬಟ್ಟೆ ಒಗೆಯುವವರು ಒದ್ದೆ ಕಂಬಳಿಯನ್ನು ಜಾಡಿಸುವಂತೆ ಜಾಡಿಸಿತು. ಆರುನೂರು ಕಿಲೋ ಕಬ್ಬಿಣ ಬೆನ್ನ ಹಿಂದೆ ಅತ್ತ ಒಮ್ಮೆ, ಇತ್ತ ಒಮ್ಮೆ. ಪ್ರತಿ ಸಲವೂ ಇನ್ನಷ್ಟು ಅಗಲ. ಸ್ಟೀರಿಂಗು ಕೈಯೊಳಗೆ ಹಗುರವಾಗಿ, ಗಾಳಿಯಲ್ಲಿ ತಿರುಗುವ ತಟ್ಟೆಯಂತಾಯಿತು. ಅವಳ ಬಲಗಾಲು ಬ್ರೇಕಿನ ಕಡೆಗೆ ಹೋಯಿತು. ಎಲ್ಲದಕ್ಕೂ ಏನಾದರೊಂದು ಮಾಡಿಯೇ ತೀರುವವಳ ಕಾಲು ಅದು.

"ಏನೂ ಮಾಡಬೇಡ," ಎಂದ ಕಲ್ಲಣ್ಣ. ಕೂಗಲಿಲ್ಲ.

ಅವಳು ಕಾಲನ್ನು ನೆಲಕ್ಕಿಟ್ಟಳು. ಎರಡೂ ಕೈ ಬಿಗಿದು ಚಕ್ರವನ್ನು ನೇರಕ್ಕೆ ಹಿಡಿದಳು. ಅವಳು ಮಾಡಿದ್ದು ಅಷ್ಟೇ. ಅದಕ್ಕಿಂತ ಭಾರದ ಕೆಲಸವನ್ನು ಅವಳು ಹಿಂದೆ ಮಾಡಿರಲಿಲ್ಲ. ಎಡಕ್ಕೆ, ಬಲಕ್ಕೆ. ಎದುರಿನಿಂದ ಬಂದ ವ್ಯಾನೊಂದು ಹಾರ್ನು ಒತ್ತುತ್ತಲೇ ಅಂಚಿಗೆ ಸರಿದು ಹಾದುಹೋಯಿತು. ಎಡಕ್ಕೆ, ಬಲಕ್ಕೆ. ಇಳಿಜಾರು ತಗ್ಗುತ್ತ ಬಂತು; ಮುಳ್ಳು ಅರವತ್ತೈದಕ್ಕೆ ಇಳಿಯಿತು, ಅರವತ್ತಕ್ಕೆ ಇಳಿಯಿತು, ಐವತ್ತೈದು. ಬೀಸು ಸಣ್ಣದಾಯಿತು. ಕೊನೆಗೊಮ್ಮೆ ಟ್ರೇಲರ್ ಏನೂ ನಡೆದಿಲ್ಲವೆಂಬಂತೆ ಕಾರಿನ ಹಿಂದೆ ಬಂದು ಸೇರಿಕೊಂಡಿತು.

ಇಳಿಜಾರಿನ ಬುಡದಲ್ಲಿ ಲಾರಿಗಳು ನಿಲ್ಲುವ ಜಾಗದಲ್ಲಿ ಅವಳು ನಿಲ್ಲಿಸಿದಳು. ರಬ್ಬರು ಸುಟ್ಟ ವಾಸನೆ. ಬೆರಳುಗಳು ಸ್ಟೀರಿಂಗಿನ ಆಕಾರದಲ್ಲೇ ಉಳಿದಿದ್ದವು, ಒಂದೊಂದಾಗಿ ಬಿಡಿಸಿಕೊಂಡಳು. ಇಳಿದು ಟೈರುಗಳನ್ನು ನೋಡಿದಳು, ಸರಪಳಿ ನೋಡಿದಳು, ದೀಪದ ತಂತಿ ನೋಡಿದಳು. ಎಲ್ಲ ಸರಿಯಾಗಿತ್ತು. ಹಾಗಾದರೆ ತಪ್ಪು ಕೊಂಡಿಯಲ್ಲೇ ಇರಬೇಕೆಂದು, ಬಿಚ್ಚಿ ನೋಡಲು ಬಗ್ಗಿ ಹಿಡಿಗೆ ಕೈ ಹಾಕಿದಳು.

"ಬಿಚ್ಚಬೇಡ," ಎಂದ ಕಲ್ಲಣ್ಣ. ಕಾರಿನ ಬಾಗಿಲು ಹಿಡಿದು ನಿಂತಿದ್ದ. "ಮೂಕಿ ಎಗರಿ ಗದ್ದಕ್ಕೆ ಹೊಡಿಯುತ್ತೆ."

ಅವಳ ಕೈ ಅಲ್ಲೇ ನಿಂತಿತು. ಬಗ್ಗಿದಲ್ಲಿಂದಲೇ ಕತ್ತು ತಿರುಗಿಸಿ ಅವನ ಗದ್ದವನ್ನು ನೋಡಿದಳು. ಮೂರು ದಿನದ ಗಾಯ, ಅಂಚು ಹಳದಿಗೆ ತಿರುಗಿತ್ತು. ಬ್ಲೇಡಿನ ಗಾಯ ಹಾಗೆ ಹಳದಿಯಾಗುವುದಿಲ್ಲ. ಮರದ ದಿಮ್ಮಿ ನೆನಪಾಯಿತು. ಒಳ್ಳೇದಾಯ್ತು ಬಿಡು ಎಂದದ್ದು ನೆನಪಾಯಿತು, ಅದಕ್ಕೆ ಮುಂಚೆ ಅವನು ಸುಮ್ಮನೆ ನಿಂತ ಒಂದು ಗಳಿಗೆಯೂ.

"ಸೋಮವಾರದಿಂದ ಗೊತ್ತು ನಿಮಗೆ," ಎಂದಳು.

ಅವನು ರಸ್ತೆಯ ಕಡೆ ನೋಡಿದ. "ಬೆಳಿಗ್ಗೆ ಅನುಮಾನ. ಸಂಜೆ ಗೊತ್ತಾಯ್ತು."

"ಹಿಂಭಾರ ಆಗಿದೆ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನೀನು ಮತ್ತೆ ಮುಂದಕ್ಕೆ ಇಡ್ತಿದ್ದೆ." ಸೊಂಟಕ್ಕೆ ಕೈಯಿಟ್ಟು ಹೇಳಿದ, "ನಂಗೆ ಇನ್ನು ಬಗ್ಗಕ್ಕಾಗಲ್ಲ ಕಣೇ. ಮೆಲ್ಲಗೆ ಹೋದ್ರೆ ಏನೂ ಆಗಲ್ಲ ಅಂದ್ಕೊಂಡೆ."

ನಂಬುವಂಥ ಮಾತೇ. ಅವನು ಹಾಗೆಯೇ ಅಂದುಕೊಂಡಿದ್ದನೆಂಬುದರಲ್ಲಿ ಅವಳಿಗೆ ಸಂದೇಹವಿರಲಿಲ್ಲ. ಅವನ ನೋವು ತಿಂದದ್ದು ಸೊಂಟವನ್ನಷ್ಟೇ ಅಲ್ಲ, ವಿವೇಕವನ್ನೂ ಎಂದು ಮಾತ್ರ ಅವಳಿಗೆ ಆಗ ತಿಳಿಯಿತು. ತಾನು ಎಪ್ಪತ್ತು ದಾಟಿಸಿದ್ದೂ ಅದೇ ಲೆಕ್ಕಕ್ಕೆ ಬರುತ್ತದೆಂಬುದೂ ತಿಳಿಯಿತು, ಅದನ್ನವಳು ಹೇಳಲಿಲ್ಲ.

"ಮೂಕಿ ವಿಷಯದಲ್ಲಿ ಚೆನ್ನಾಗಿ ಮೂಕರಾದ್ರಿ," ಎಂದಳು.

ಆಮೇಲೆ ಹಿಂಬಾಗಿಲು ಇಳಿಸಿ, ಒಂದು ಕಲ್ಲು ತೆಗೆದು, ಮುಂದಕ್ಕೆ ನಡೆದು, ಪಕ್ಕದಿಂದ ಬಗ್ಗಿ ಮುಂದಿನ ಸಾಲಿನ ಖಾಲಿ ಗೂಡಿಗೆ ಇಟ್ಟಳು. ಆರು ಸಲ. ಲಾರಿಯ ನೆರಳಲ್ಲಿ ಕೂತು ಊಟ ಮಾಡುತ್ತಿದ್ದ ಇಬ್ಬರು ಚಾಲಕರು, ಹೆಂಗಸು ಎತ್ತುತ್ತಿದ್ದಾಳೆ, ಗಂಡಸು ನೋಡುತ್ತಿದ್ದಾನೆ ಎಂದು ತಮ್ಮ ತಮ್ಮಲ್ಲಿ ಆಡಿಕೊಂಡದ್ದು ಇಬ್ಬರಿಗೂ ಕೇಳಿಸಿತು. ಕಲ್ಲಣ್ಣ ಒಂದು ಹೆಜ್ಜೆ ಮುಂದೆ ಬಂದು ಕೈ ಚಾಚಿದ. ಅವಳು ಆ ಕೈಗೆ ವರದಿಯ ಪುಸ್ತಕ ಕೊಟ್ಟಳು.

ಗಿರಣಿ ತಲುಪಿದಾಗ ನಾಲ್ಕು ಇಪ್ಪತ್ತು. ಸೂಪರ್‌ವೈಸರ್ ಬೀಗ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದ. ಹತ್ತು ವರ್ಷದ ಪರಿಚಯ. ಬೈದುಕೊಂಡೇ ಬಾಗಿಲು ತೆರೆದ. ಅಲ್ಲಿ, ಹಿಟ್ಟಿನ ಧೂಳು ಮೆತ್ತಿದ ಬೆಳಕಿನಲ್ಲಿ, ನಾಲ್ಕು ಜನ ಕೂಲಿಗಳೂ ಒಬ್ಬ ಗುಮಾಸ್ತನೂ ನೋಡುತ್ತಿರುವಾಗ, ಕಲ್ಲಕ್ಕ ಸೆರಗು ಬಿಗಿದು ಮೊದಲ ಕಲ್ಲನ್ನು ತಕ್ಕಡಿಯ ಮೇಲಿಟ್ಟಳು. ಕಲ್ಲಣ್ಣ ಪುಸ್ತಕ ತೆರೆದು ಪಕ್ಕದಲ್ಲಿ ನಿಂತ.

ಸೂಪರ್‌ವೈಸರ್ ಒಬ್ಬರನ್ನು ನೋಡಿ ಇನ್ನೊಬ್ಬರನ್ನು ನೋಡಿದ. "ಏನಣ್ಣಾ, ಬಡ್ತಿ ಸಿಕ್ತಾ? ಕೈಗೆ ಪೆನ್ನು ಬಂದಿದೆ."

ಇಂಥ ಮಾತಿಗೆ ಹದಿನೆಂಟು ವರ್ಷ ಕಲ್ಲಣ್ಣನ ಬಳಿ ಉತ್ತರ ಸಿದ್ಧವಾಗಿರುತ್ತಿತ್ತು. ಇಲ್ಲದ ಮೊಳೆ ಹುಡುಕಿದವನು, ಗಾಯದ ತಪ್ಪನ್ನು ಬ್ಲೇಡಿನ ಮೇಲೆ ಹಾಕಿದವನು ಇನ್ನೊಂದನ್ನು ಹುಟ್ಟಿಸಿ ಹೇಳುತ್ತಾನೆಂದು ಕಲ್ಲಕ್ಕ ಎರಡನೆಯ ಕಲ್ಲು ಹಿಡಿದುಕೊಂಡೇ ಕಾದಳು. ಅವನು ಹೇಳಿದರೆ ತಾನು ಏನು ಮಾಡುವೆನೆಂದು ಅವಳಿಗೆ ತಿಳಿದಿರಲಿಲ್ಲ.

"ಸೊಂಟ ಹೋಗಿದೆ ಸಾರ್," ಎಂದ ಅವನು. "ಎರಡು ವರ್ಷ ಆಯ್ತು."

ಕೂಲಿಗಳಲ್ಲಿ ಒಬ್ಬ, ವಯಸ್ಸಾದವನು, ಗೊತ್ತು ಎನ್ನುವಂತೆ ತಲೆಯಾಡಿಸಿದ. ಆ ಕೂಲಿಯ ಸೊಂಟದ ಕಥೆಯನ್ನು ಯಾರೂ ಕೇಳಿರಲಿಲ್ಲ. ಕಲ್ಲಕ್ಕ ಎರಡನೆಯ ಕಲ್ಲನ್ನು ಮೊದಲನೆಯದರ ಪಕ್ಕಕ್ಕಿಟ್ಟು, ಬರೆದುಕೊಳ್ಳಿ ಎಂದಳು.

ಮನೆಯಲ್ಲಿ ಸಂಗತಿ ತಿಳಿದಾಗ ನಾದಿನಿ ಯಂತ್ರದ ಚಕ್ರಕ್ಕೆ ಕೈಯಿಟ್ಟು ನಿಲ್ಲಿಸಿದಳು. ಅದು ಅವಳಿಗೆ ಬಹಳ ಕೋಪ ಬಂದಾಗಿನ ಲಕ್ಷಣ. ಊರಿನ ತಕ್ಕಡಿಗಳ ಸುಳ್ಳನ್ನೆಲ್ಲ ಗ್ರಾಮಿನ ಲೆಕ್ಕದಲ್ಲಿ ಹಿಡಿಯುವವರು, ಮನೆಯೊಳಗಿನ ಸುಳ್ಳಿಗೆ ಯಾವ ಕಲ್ಲು ಇಡುತ್ತೀರಿ ಎಂದು ಅಣ್ಣನನ್ನು ಕೇಳಿ, ಮತ್ತೆ ತುಳಿಯತೊಡಗಿದಳು. ಆ ರವಿಕೆಯ ತೋಳು ಉಲ್ಟಾ ಹೊಲಿದುಹೋಯಿತು. ಮರುದಿನ ಬಿಚ್ಚಿ ಮತ್ತೆ ಹೊಲಿದಳು, ಅದರ ಸಿಟ್ಟನ್ನೂ ಸೇರಿಸಿ ಬೈದಳು.

ಕಂಪನಿಯ ಮಾಲೀಕರಿಗೆ ಯಾರೂ ಹೋಗಿ ಹೇಳಬೇಕಾಗಲಿಲ್ಲ. ಸೋಮವಾರ ಕರೆಸಿದರು. ಮೇಜಿನ ಮೇಲೆ ಗುರುವಾರದ ವರದಿಯಿತ್ತು, ಮೂರು ಹಾಳೆ ಅಚ್ಚಿನಂಥ ಅಕ್ಷರ, ನಾಲ್ಕನೆಯದರ ಮೇಲೆ ಜೇಡ ನಡೆದಂತೆ. ಇದು ಯಾರ ಕೈ ಎಂದು ಕೇಳಿದರು. ಕಲ್ಲಣ್ಣ ತನ್ನದು ಎಂದ. ಉಳಿದದ್ದನ್ನು ಕಲ್ಲಕ್ಕ ಹೇಳಿದಳು, ಎರಡು ವರ್ಷದ್ದೂ, ಇಳಿಜಾರಿನದ್ದೂ, ಎಪ್ಪತ್ತು ದಾಟಿಸಿದ್ದನ್ನೂ. ಮಾಲೀಕರು ಮೊದಲು ಕೇಳಿದ್ದು ಕಲ್ಲುಗಳ ವಿಷಯ: ಯಾವುದಾದರೂ ಚಕ್ಕೆ ಎದ್ದಿದೆಯೇ, ಮುದ್ರೆ ಸಡಿಲವಾಗಿದೆಯೇ. ಇಲ್ಲ ಎಂದಾಗಲೂ ಮೂವತ್ತನ್ನೂ ಮತ್ತೆ ಪರೀಕ್ಷೆಗೆ ಕಳಿಸಿ ಎಂದರು. ಆಮೇಲೆ ನಿಯಮದ ಕಾಗದ ತೆಗೆದು, ಬೆರಳಿಟ್ಟು, ನಿಧಾನವಾಗಿ ಓದಿದರು. ಅವರು ಕರುಣೆಯವರಲ್ಲ, ನಿಯಮದವರು. ಆ ದಿನ ಅದೇ ಅನುಕೂಲವಾಯಿತು.

"ಎತ್ತುವವರಿಗೆ ಡಾಕ್ಟರ ಚೀಟಿ ಇರಬೇಕು ಅಂತ ಇದೆ. ಯಾರು ಎತ್ತಬೇಕು ಅಂತ ಇಲ್ಲ. ಚೀಟಿ ತನ್ನಿ, ಹೆಸರು ಅದಲು ಬದಲು ಮಾಡ್ತೀನಿ."

ಹದಿನೆಂಟು ವರ್ಷದಲ್ಲಿ ಅವರಿಬ್ಬರಿಗೂ ಹೊಳೆಯದ ಮಾತು ಇದು. ಎತ್ತುವವನು ಗಂಡು, ಬರೆಯುವವಳು ಹೆಣ್ಣು ಎಂದು ಅವರ ತಲೆಯಲ್ಲಿ ಬರೆದದ್ದು ಕಂಪನಿಯ ಕಾಗದವಲ್ಲ. ಡಾಕ್ಟರು ಕಲ್ಲಕ್ಕನ ಬೆನ್ನಿನ ಮೇಲೆ ಕೆಳಗೆ ಒತ್ತಿ, ಬಗ್ಗಿಸಿ, ನಿಲ್ಲಿಸಿ, ಗಟ್ಟಿಯಾಗಿದೆ ಎಂದು ಬರೆದುಕೊಟ್ಟರು. ಗಟ್ಟಿಯಿಲ್ಲವೆಂದು ಬರೆದಿದ್ದರೂ ಅವಳಿಗೆ ಅಷ್ಟೇನೂ ಬೇಸರವಾಗುತ್ತಿರಲಿಲ್ಲ. ಕೆಲಸ ಉಳಿಯಿತು, ಅವನ ಅವಧಿಯೂ ಉಳಿಯಿತು. ಓಡಿಸುವುದು ಅವಳ ಪಾಲಿನಲ್ಲಿತ್ತು. ಈಗ ಕದ್ದು ಎತ್ತುತ್ತಿದ್ದದ್ದನ್ನು ಎಲ್ಲರೆದುರು ಎತ್ತಬೇಕಾಯಿತು. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆ ಗೋಡೆಗೆ ಒರಗಿ ಒಂದು ನಿಮಿಷ ನಿಲ್ಲುವುದು ಅಭ್ಯಾಸವಾಯಿತು. ನಿಜ ಹೇಳಿದ್ದರಿಂದ ಭಾರವೇನೂ ಕಡಿಮೆಯಾಗಲಿಲ್ಲ. ಒಬ್ಬರ ಮೇಲಿದ್ದದ್ದು ಇನ್ನೊಬ್ಬರ ಮೇಲೆ ಬಂತು, ಅಷ್ಟೇ.

ಒಂದು ಕೆಲಸ ಹೊಸದಾಗಿ ಸೇರಿತು. ಮನೆಯ ಬಚ್ಚಲಿನಲ್ಲಿ ನಾದಿನಿಯ ಒಂದು ಹಳೆಯ ತೂಕದ ಯಂತ್ರವಿತ್ತು, ಮೇಲೆ ನಿಂತು ಮೈತೂಕ ನೋಡಿಕೊಳ್ಳುವಂಥದ್ದು. ಮೊದಲ ವರ್ಷಗಳಲ್ಲಿ ಕಲ್ಲಣ್ಣ ಅದನ್ನೇ ಮೂಕಿಯ ಕೆಳಗಿಟ್ಟು ಭಾರ ನೋಡುತ್ತಿದ್ದನಂತೆ. ರೂಢಿಯಾದ ಮೇಲೆ ಬಿಟ್ಟಿದ್ದ. ಅದನ್ನು ಮತ್ತೆ ಶೆಡ್ಡಿಗೆ ತಂದ. ಮೊದಲು ಅದರ ಮೇಲೆ ಒಂದು ಕಲ್ಲು ಇಟ್ಟು ನೋಡಿದರು. ಇಪ್ಪತ್ತಕ್ಕೆ ಇಪ್ಪತ್ತೊಂದು ತೋರಿಸಿತು. ಈ ಮನೆಯಲ್ಲಿ ಇದೂ ಹಾಗೇನಾ ಎಂದಳು ಕಲ್ಲಕ್ಕ. ಮೂರು ಕಲ್ಲಿಟ್ಟಾಗ ಅರವತ್ತಮೂರು ತೋರಿಸಿತು. ಎಷ್ಟು ಸುಳ್ಳೆಂದು ಗೊತ್ತಾದರೆ ಸಾಕು, ಕಳೆದು ಓದಬಹುದು.

ಪ್ರತಿದಿನ ಬೆಳಿಗ್ಗೆ, ಅವಳು ಟೈರು, ದೀಪ, ಸರಪಳಿ ನೋಡುವ ಹೊತ್ತಿಗೆ, ಅವನು ಯಂತ್ರವನ್ನು ಒಂದು ಸ್ಟೂಲಿನ ಮೇಲಿಟ್ಟು, ಜಾಕಿನ ಹಿಡಿ ತಿರುಗಿಸಿ ಮೂಕಿಯನ್ನು ಮೆಲ್ಲಗೆ ಅದರ ಮೇಲೆ ಇಳಿಸುತ್ತಿದ್ದ. ಕಳೆಯುವುದನ್ನು ಕಳೆದು, ಐವತ್ತಾರು, ಐವತ್ತೈದು ಎಂದು ಕೂಗಿ ಹೇಳುತ್ತಿದ್ದ. ಅಷ್ಟು ಭಾರ ಮೂಕಿಯ ಮೇಲಿದ್ದರೆ ಬಾಲ ಆಡುವುದಿಲ್ಲ. ಅವಳು ಕೇಳಿಸಿಕೊಂಡು, ಕೈಯಲ್ಲಿದ್ದ ಕೆಲಸ ಬಿಟ್ಟು, ಬಂದು, ತಾನೇ ಬಗ್ಗಿ ಮುಳ್ಳನ್ನು ನೋಡುತ್ತಿದ್ದಳು. ಮೊದಲ ದಿನ ಅವನು, ನಾನು ಹೇಳಿದೆನಲ್ಲ ಎಂದ. ಅವಳು ಬಗ್ಗಿ ಮುಳ್ಳನ್ನು ನೋಡಿಯೇ ಎದ್ದಳು. ಎರಡನೆಯ ದಿನ ಅವನು ಹೇಳಲಿಲ್ಲ. ಒಂದು ವಾರ ಕಳೆದ ಮೇಲೆ ಕೂಗುವುದನ್ನೂ ಬಿಟ್ಟ. ಯಂತ್ರದ ಮುಖವನ್ನು ಅವಳು ಬರುವ ಕಡೆಗೆ ತಿರುಗಿಸಿಟ್ಟು, ಗಾಜಿನ ಮೇಲಿನ ಧೂಳನ್ನು ತೋಳಿನಿಂದ ಒರೆಸಿ, ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ.

ಅವಳು ನೋಡುತ್ತಿದ್ದಳು. ಕೊಂಡಿ ಹಾಕುತ್ತಿದ್ದಳು. ಅವನು ಸೊಂಟ ಹಿಡಿದುಕೊಂಡು ಪಕ್ಕದ ಸೀಟಿಗೆ ಇಳಿಯಲು ಒಂದು ನಿಮಿಷ ಬೇಕಾಗುತ್ತಿತ್ತು. ಕೂತು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಹಳೆಯ ರೂಢಿಯಂತೆ ರೈಟ್ ಎನ್ನುತ್ತಿದ್ದ. ಅವಳು ಎರಡೂ ಕನ್ನಡಿಗಳಲ್ಲಿ ಬಾಲವನ್ನು ನೋಡಿ, ನೇರಕ್ಕೆ ಹೊರಡುತ್ತಿದ್ದಳು. ಅವಧಿಗೆ ಇನ್ನೂ ಆರು ತಿಂಗಳಿತ್ತು.